ತೊಂಬತ್ತಾರರ ನಂತರ

ಅನಸ್ತೇಶಿಯಾ ತಗೊಳ್ಳಲೇ ಮೇಡಂ, ಅಂತ ಕೇಳಿದೆಯಲ್ಲ ಮೌನೇಶ,
ರಾತ್ರಿ ಎರಡೂವರೆಗೆ, ಓಟಿ ಬಾಗಿಲ ಹೊರಗೆ,
ಟೀ ಲೋಟಕ್ಕೆ ಬೆರಳು ಸುಟ್ಟುಕೊಳ್ಳುತ್ತ.
ಸರ್ಜರಿಗೆ ಸೀಟು ಸಿಗಲಿಲ್ಲ, ಅದಕ್ಕೆ, ಅನ್ನುವುದಾದರೆ
ಇನ್ನೊಂದು ವರ್ಷ ಓದು, ಇಲ್ಲಿಗೆ ಬರಬೇಡ.
ತಂಗಳು ಅಂದುಕೊಂಡು ಕೂತರೆ
ಈ ಊಟ ಗಂಟಲಲ್ಲಿ ಇಳಿಯುವುದಿಲ್ಲ.

ಮಂದಿ ನಿನ್ನನ್ನು ಮರೆಯುತ್ತಾರೆ, ಇದು ಮೊದಲೇ ಗೊತ್ತಿರಲಿ.
ಮಾನ್ವಿಯಿಂದ ಟಂಟಂನಲ್ಲಿ ಬಂದವರು
ಪೇಢೆ ಡಬ್ಬಿ ಹಿಡಿದು ಸರ್ಜನ್ನರ ಕಾಲಿಗೆ ಬೀಳುವಾಗ
ಪಕ್ಕದಲ್ಲೇ ಮಾಸ್ಕು ಬಿಚ್ಚುತ್ತ ನಿಂತಿರುತ್ತೀ.
"ಇವರ್ಯಾರು?" ಅಂತಾನೆ ಒಬ್ಬ.
"ಮಲಗ್ಸೋ ಡಾಕ್ಟ್ರು" ಅಂತಾನೆ ಇನ್ನೊಬ್ಬ.
ಮಲಗಿಸಿದ್ದು ಸರಿ.
ಎಬ್ಬಿಸಿದ್ದು ಯಾರ ಲೆಕ್ಕದಲ್ಲೂ ಇಲ್ಲ.

ಹೆಸರಲ್ಲಿ ಮೌನವಿದೆ ನಿನಗೆ, ಅದನ್ನು ನೆಚ್ಚಬೇಡ.
ಇದು ಮಾತಿನ ಕಸುಬು.
ನಮ್ಮ ರಾಯಚೂರಲ್ಲಿ ಒಂದು ಭಾಷೆ ಸಾಲದು,
ತೆಲುಗಿನಲ್ಲಿ ನಡುಗುವವಳಿಗೆ ಕನ್ನಡದ ಧೈರ್ಯ ಹತ್ತುವುದಿಲ್ಲ.
"ಯಾವಾಗ ಉಂಡಿ?" ಅಂತ ಮೂರು ಸಲ ಕೇಳು.
ಮೊದಲ ಸಲ, "ನಿನ್ನಿ ರಾತ್ರೀನ, ಹನಿ ನೀರೂ ಮುಟ್ಟಿಲ್ರೀ."
ಎರಡನೇ ಸಲ ಹೆಂಡತಿಯ ಮುಖ ನೋಡುತ್ತಾನೆ.
ಮೂರನೇ ಸಲಕ್ಕೆ ಹೊರಬರುತ್ತದೆ
ಬಸ್ ಸ್ಟ್ಯಾಂಡಿನ ಒಗ್ಗರಣಿ, ಎರಡು ಮಿರ್ಚಿ:
"ಖಾಲಿ ಹೊಟ್ಟೀಲೆ ಹೆಂಗ ಬರಬೇಕ್ರೀ ದವಾಖಾನಿಗೆ?"
ನಗು. ನಕ್ಕು ಕೇಸು ಮುಂದೂಡು. ಸರ್ಜನ್ ಗೊಣಗಲಿ.
ಆ ಮಿರ್ಚಿ ಶ್ವಾಸಕೋಶಕ್ಕೆ ಇಳಿದ ದಿನ
ಗೊಣಗಲಿಕ್ಕೂ ಯಾರೂ ಪಕ್ಕದಲ್ಲಿರುವುದಿಲ್ಲ.

ಬಾಯಿ ತೆಗೆಸಿ ನೋಡು.
ಗುಟ್ಕಾ ತಿಂದ ಇಪ್ಪತ್ತೆರಡರ ಹುಡುಗ,
ಎರಡು ಬೆರಳೂ ಹೋಗದ ಬಾಯಿ.
ಅವನು ಎಚ್ಚರವಿರುವಾಗಲೇ ಮೂಗಿನಿಂದ ದಾರಿ ಹುಡುಕಿದ್ದೆ,
ಬೀಗ ಬಿದ್ದ ಮನೆಗೆ ಹಿತ್ತಿಲಿನಿಂದ ಹೋದ ಹಾಗೆ.
ಪುಸ್ತಕದಲ್ಲಿ ಆ ದಾರಿಯ ಚಿತ್ರವಿದೆ,
ನನ್ನ ಮುಂಗೈ ಹಿಡಿದಿದ್ದ ಅವನ ಹಿಡಿತ ಇಲ್ಲ.

ಕಿವಿ ಬೆಳೆಸಿಕೋ.
ಮಾನಿಟರಿಗೆ ಬೆನ್ನು ಮಾಡಿ ಸಿರಿಂಜಿಗೆ ಹೆಸರು ಅಂಟಿಸುವಾಗಲೂ
ಆ ಬೀಪ್ ಒಂದು ಎಳೆ ತಗ್ಗಿದರೆ ಸಾಕು,
ಮೈ ತಾನೇ ತಿರುಗಬೇಕು,
ಹತ್ತಿ ಮಿಲ್ಲಿನ ಸದ್ದು ಬದಲಾದರೆ
ನಿದ್ದೆಯಲ್ಲೇ ಎದ್ದು ಕೂರುವ ಮೇಸ್ತ್ರಿಯ ಹಾಗೆ.

ಒಂದು ಮೇ ತಿಂಗಳು, ನಲವತ್ನಾಲ್ಕು ಡಿಗ್ರಿ.
ಶಕ್ತಿನಗರದಲ್ಲಿ ನಾಡಿಗೆಲ್ಲ ಕರೆಂಟು ಬೇಯುತ್ತಿತ್ತು,
ನಮ್ಮ ಓಟಿಯಲ್ಲಿ ಹೋಯಿತು.
ಜನರೇಟರ್ ಮೂರು ಸಲ ಕೆಮ್ಮಿ ಸುಮ್ಮನಾಯಿತು.
ಮೊಬೈಲಿನ ಬೆಳಕಲ್ಲಿ ಅವರು ಹೊಲಿಯುತ್ತಿದ್ದರು,
ನಾನು ಬ್ಯಾಗು ಹಿಂಡುತ್ತಿದ್ದೆ,
ಹನ್ನೊಂದು ನಿಮಿಷ
ಅವಳ ಉಸಿರು ನನ್ನ ಅಂಗೈಯಲ್ಲಿ.
ಅವಳಿಗೆ ಗೊತ್ತಿಲ್ಲ. ಈಗ ತೀನ್ ಖಂದೀಲ್ ಹತ್ತಿರ ಬಳೆ ಮಾರುತ್ತಾಳೆ,
ಡಜನ್ನಿಗೆ ಐದು ರೂಪಾಯಿ ಬಿಡು ಅಂದರೆ ಬಿಡುವುದಿಲ್ಲ.

ಬಾರದೇ ಹೋದವರೂ ಇದ್ದಾರೆ.
ಒಬ್ಬರು.
ಅದನ್ನು ಇವತ್ತು ಹೇಳುವುದಿಲ್ಲ.
ನಿನಗೂ ಅಂಥದೊಂದು ಆದ ದಿನ ಬಾ, ಹೇಳುತ್ತೇನೆ.

ಗಂಜಿನ ಹಮಾಲ ಮೈಬೂಬಸಾಬ, ಪಿತ್ತಕೋಶದ ಕಲ್ಲು.
ನೂರರಿಂದ ಹಿಂದಕ್ಕೆ ಎಣಿಸು ಅಂದೆ.
ಮೂವತ್ತು ವರ್ಷ ಚೀಲ ಎಣಿಸಿದ ಗಂಟಲು,
ನಿನ್ಯಾನವೆ, ಅಠ್ಯಾನವೆ, ಸತ್ಯಾನವೆ,
ಛಿಯಾನವೆ
ಅಲ್ಲಿಗೆ ನಿಂತಿತು.
ಎರಡು ತಾಸಿನ ಮೇಲೆ ನಳಿಗೆ ತೆಗೆದೆ. ಕೆಮ್ಮಿದ.
ಕಣ್ಣು ಬಿಡದೆಯೇ ಅಂದ:
ಪಂಚಾನವೆ.
ಒಂದು ಚೀಲವೂ ತಪ್ಪಿರಲಿಲ್ಲ.

ಆ ಎರಡು ಅಂಕಿಗಳ ನಡುವೆ ಅವನು ಇರಲಿಲ್ಲ, ಮೌನೇಶ,
ನಾನಿದ್ದೆ.
ಅಲ್ಲಿ ಕಿಟಕಿಯಿಲ್ಲ, ಬಾಗಿಲ ಮೇಲೆ ಹೆಸರಿಲ್ಲ,
ಹೋಗಿ ಬಂದದ್ದಕ್ಕೆ ಸಾಕ್ಷಿಯಿಲ್ಲ.
ಅಲ್ಲಿ ಕೂರಬಲ್ಲೆಯಾ, ನೀನೇ ನೋಡು.

ಟೀ ಮುಗಿಸು. ದೇವದುರ್ಗದಿಂದ ಅಪೆಂಡಿಕ್ಸ್ ಬರುತ್ತಿದೆ.
ಲ್ಯಾರಿಂಗೋಸ್ಕೋಪಿನ ಬಲ್ಬು ಹತ್ತುತ್ತದೋ ಇಲ್ಲವೋ ನೋಡಿಕೋ,
ಹತ್ತಿದರೂ
ಇನ್ನೊಂದು ಬಲ್ಬು ಜೇಬಲ್ಲಿರಲಿ.