ತಾರಸಿಯ ಶ್ರುತಿ

ಅಬರ್ಡೀನ್. ಮಾರ್ಚ್. ಫಿನ್ನನ್ ಕೋರ್ಟಿನ ಲಿಫ್ಟು
ಹತ್ತೊಂಬತ್ತಕ್ಕೆ ನಿಂತುಬಿಡುತ್ತದೆ.
ಆಮೇಲೆ ಕಬ್ಬಿಣದ ಏಣಿ,
ಲೈಪರಳ ಸೊಂಟದಲ್ಲಿ ತೂಗುವ ಬೀಗದ ಕೈ ಗೊಂಚಲು,
ಒಂದು ತಗಡಿನ ಬಾಗಿಲು. ಅದನ್ನು ತೆಗೆಯುವುದು ನಾವಲ್ಲ,
ಆಚೆಯಿಂದ ಗಾಳಿ.

ಇಪ್ಪತ್ತೆರಡು ವರ್ಷ ಕಡಲ ಮೇಲೆ, ಎಣ್ಣೆಯ ಅಟ್ಟಣೆಗಳಲ್ಲಿ
ಇದೇ ಗಾಳಿಯನ್ನು ಬೈದುಕೊಂಡೇ ಉಂಡವನು ನಾನು.
ಈಗ ಅದರ ಕೆಲಸಕ್ಕೇ ಸೇರಿದ್ದೇನೆ.

ಎತ್ತರವಿದ್ದಲ್ಲಿ ಗಾಳಿ ಇದ್ದೇ ಇರುತ್ತದೆ ಎಂದು
ನಗರಸಭೆಯ ನಕ್ಷೆಯಲ್ಲಿ, ತಾರಸಿಯ ನಟ್ಟನಡುವೆ
ಯಾರೋ ಕೆಂಪು ಪೆನ್ಸಿಲಿನಲ್ಲಿ ಸೊನ್ನೆ ಸುತ್ತಿದ್ದರು.
ಅಲ್ಲಿ ನಿಂತು ನೋಡಿದೆ. ಗಾಳಿ ಇತ್ತು.
ಆದರೆ ಅದು ಗೋಡೆಗೆ ಹಣೆ ಬಡಿದು, ಅಂಚು ಹತ್ತಿ, ಮಗುಚಿ,
ತನ್ನ ಬಾಲ ತಾನೇ ಅಟ್ಟುವ ನಾಯಿಯ ಹಾಗೆ ಸುತ್ತುತ್ತಿತ್ತು.
ಲೈಪರ್ ತೂರಿದ ಚಿಪ್ಸಿನ ಖಾಲಿ ಪೊಟ್ಟಣ
ಪಡುವಣಕ್ಕೆ ಹೋಗಿ, ಮನಸ್ಸು ಬದಲಿಸಿ,
ಅವಳ ಕಾಲ ಬುಡಕ್ಕೇ ಬಂದು ಕೂತಿತು.
ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ, ಸರಿ.
ಯಾವ ಕಡೆಯಿಂದ ಬಂದಾಗ ಅಂತ
ಗಾದೆ ಕಟ್ಟಿದವನಿಗೂ ಗೊತ್ತಿದ್ದಂತಿಲ್ಲ.

ಒಂದು ವರ್ಷ ಅಳೆದೆ.
ಮೂರು ಬಟ್ಟಲು ಸಿಕ್ಕಿಸಿದ ತಿರುಗಣಿ, ಒಂದು ಡಬ್ಬಿ, ಒಂದು ಬ್ಯಾಟರಿ.
ಕಡಲ ಮಂಜನ್ನು ಇಲ್ಲಿ ಹಾರ್ ಎನ್ನುತ್ತಾರೆ;
ಅದು ಬಂದು ಕೂತ ದಿನಗಳ ಕಾಲಂ ತುಂಬ ಸೊನ್ನೆ.
ಜನವರಿಯ ಒಂದು ರಾತ್ರಿ ಡಬ್ಬಿಯೇ ಹಾರಿಹೋಗಿ
ಬಸ್ ಡಿಪೋದ ಹಿಂದೆ ಸಿಕ್ಕಿತು.
ಒಳಗಿನ ಕೊನೆಯ ಅಂಕಿ ಮಾತ್ರ ಬಹಳ ಚೆನ್ನಾಗಿತ್ತು.

ಕಡೆಗೆ ನೈಋತ್ಯದ ಮೂಲೆ. ಆರು ಮೀಟರಿನ ಕಂಬ,
ಒಡೆದ ಗಾಳಿಯ ನೊರೆ ದಾಟಿ
ಇಡೀ ಗಾಳಿ ಸಿಗುವಷ್ಟು ಮೇಲೆ.
ಮೂರು ಅಲಗು, ನನ್ನ ತೋಳಿಗಿಂತ ಅಷ್ಟೇನೂ ಉದ್ದವಿಲ್ಲ.
ತಿರುಗಿತು.
ಲೈಪರ್ ಚಪ್ಪಾಳೆ ತಟ್ಟಿದಳು, ಉಣ್ಣೆಯ ಕೈಗವಸಿನಲ್ಲಿ, ಸದ್ದಿಲ್ಲದೆ.
ಬರುವ ವಿದ್ಯುತ್ತು? ಮೆಟ್ಟಿಲಿನ ದೀಪಗಳಿಗೆ,
ಅದೂ ಹನ್ನೊಂದನೆಯ ಮಹಡಿಯವರೆಗೆ.
ಪತ್ರಿಕೆಯವರು ಹನ್ನೊಂದನ್ನು ಬಿಟ್ಟು ಬರೆದರು.

ಮೂರನೆಯ ದಿನ ಇನ್ನೆಸ್ ಮೆಲ್ಡ್ರಮ್ ಬಾಗಿಲು ತೆರೆದು ಕಾದಿದ್ದ.
ಹತ್ತೊಂಬತ್ತರ ಕೊನೆಯ ಮನೆ. ಪಿಯಾನೊಗಳಿಗೆ ಶ್ರುತಿ ಕೂಡಿಸುವವನು.
"ನಿನ್ನ ಯಂತ್ರ ಬಿ ಫ್ಲಾಟಿನಲ್ಲಿ ಹಾಡುತ್ತದೆ," ಅಂದ.
ದೂರಲ್ಲ, ವರದಿ.
"ಹಾಡಲಿ. ಆದರೆ ಕೂದಲೆಳೆಯಷ್ಟು ಇಳಿದಿದೆ.
ನನ್ನ ನಿದ್ದೆ ಹೋದದ್ದು ಸದ್ದಿಗಲ್ಲ, ಆ ಕೂದಲೆಳೆಗೆ."

ಗೋಡೆಗೆ ಕಿವಿ ಇಟ್ಟೆ. ಏನೂ ಇಲ್ಲ.
ಅವನು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು
ಹೂಕುಂಡ ಸರಿಸುವ ಹಾಗೆ ಒಂದು ಗೇಣು ಸರಿಸಿದ:
ಕಾಂಕ್ರೀಟಿನೊಳಗೆ, ಕಂಬಿಯೊಳಗೆ, ಇನ್ನೂ ಒಳಗೆ
ತುಟಿ ಬಿಚ್ಚದೆ ಯಾರೋ ಗುನುಗುತ್ತಿದ್ದರು.
ನನಗದು ಕೇಳಿಸಿದ್ದು ಹಲ್ಲಿನ ಬೇರಿನಲ್ಲಿ.
ವರ್ಷವಿಡೀ ಗಾಳಿ ಅಳೆದವನು
ಕಟ್ಟಡಕ್ಕೆ ಒಂದು ದಿನವೂ ಕಿವಿಗೊಟ್ಟಿರಲಿಲ್ಲ.

ಶನಿವಾರ ಕಂಬದ ಬುಡ ಬಿಚ್ಚಿ,
ಅಂಗೈ ದಪ್ಪದ ರಬ್ಬರು ತುರುಕಿ, ಬಿಗಿದು, ಮತ್ತೆ ಬಿಚ್ಚಿ, ಬಿಗಿದೆವು.
ಕೆಳಗಿನಿಂದ ಇನ್ನೆಸ್
ಪೊರಕೆಯ ಹಿಡಿಯಿಂದ ಸೂರು ಬಡಿದು ತಿಳಿಸುತ್ತಿದ್ದ:
ಒಂದು ಬಡಿತ, ಇದೆ. ಎರಡು, ಇದೆ, ಆದರೆ ಕಡಿಮೆ.
ನಾಲ್ಕು ಗಂಟೆಗೆ ಬಡಿತ ನಿಂತಿತು.
ಇಳಿದು ನೋಡಿದರೆ
ಎದೆಯ ಮೇಲೆ ಪೊರಕೆ, ಗೊರಕೆ.

ಇವತ್ತು ಸೋಮವಾರ. ಲೈಪರಳ ಫೋನು:
ಹದಿನಾಲ್ಕರ ಇಬಿಫುರೊ, ಹೆಲಿಕಾಪ್ಟರ್ ನಿಲ್ದಾಣದಲ್ಲಿ ಅಡುಗೆಯವಳು,
ಅವಳ ಮನೆಯ ನಲ್ಲಿ ನಿನ್ನೆಯಿಂದ ಗುನುಗುತ್ತಿದೆಯಂತೆ.
ಮುಚ್ಚಿದರೂ.
ಮಗ ಆಗಲೇ ಅದಕ್ಕೊಂದು ಹೆಸರಿಟ್ಟಿದ್ದಾನಂತೆ.

ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು
ಇಷ್ಟು ಅಕ್ಷರಶಃ ಇರುತ್ತದೆಂದು ತಿಳಿದಿರಲಿಲ್ಲ.
ರಬ್ಬರಿನ ಪೆಟ್ಟಿಗೆ ಹೆಗಲಿಗೇರಿಸಿ,
ಲಿಫ್ಟಿಗೆ ಕಾಯದೆ ಮೆಟ್ಟಿಲು ಹಿಡಿದೆ.
ಒಂದು. ಎರಡು. ದೀಪ. ದೀಪ.
ಹನ್ನೊಂದರ ಮೆಟ್ಟಿಲ ಮೇಲೆ ಕೂತುಬಿಟ್ಟೆ.
ಹೊರಗೆ ನೈಋತ್ಯದ ಗಾಳಿ, ಒಳಗೆ ನನ್ನ ಏದುಸಿರು,
ಯಾವ ಶ್ರುತಿಯೋ, ಇನ್ನೆಸನ್ನೇ ಕೇಳಬೇಕು.