ಮೂರು ಸಲ ಸಾಕ್ಷಿ

ತೈನಾನ್ ಊರಿನ ಕುಟುಂಬ ನೋಂದಣಿ ಕಚೇರಿಯ ಎದುರು
ಮುದ್ರೆ ಕೆತ್ತುವ ಅಂಗಡಿ ನನ್ನದು. ಅಗಲ ನಾಲ್ಕೇ ಅಡಿ.
ಸಾಕ್ಷಿಯಿಲ್ಲದೆ ಬಂದವರು ಇತ್ತ ತಿರುಗುತ್ತಾರೆ:
ಅಜ್ಜಾ, ಒಂದು ಸಹಿ.
ಮದುವೆಗೆ ಇಬ್ಬರು ಸಾಕ್ಷಿ ಬೇಕು, ಮುರಿಯಲಿಕ್ಕೂ ಇಬ್ಬರು.
ಒಬ್ಬ ನಾನು. ಇನ್ನೊಬ್ಬಳು ಸೋಯಾ ಹಾಲಿನ ಅ-ಮೇ,
ಸೆರಗಿಲ್ಲದ ಊರು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬರುತ್ತಾಳೆ,
ಅವಳು ಮುಟ್ಟಿದ ಕಾಗದಕ್ಕೆಲ್ಲ ಒದ್ದೆ ಹೆಬ್ಬೆರಳು.

ಮೊದಲ ಸಲ ಬಂದಾಗ
ಪೇಯ್-ಷಾನ್ ಉಗುರಲ್ಲಿ ಸ್ಕೂಟರ್ ರಿಪೇರಿಯ ಕರಿ,
ರೂಯ್-ಲಿನ್ ಈಜು ಕಲಿಸುವವಳು, ಕೂದಲಲ್ಲಿ ಕ್ಲೋರಿನ್ ವಾಸನೆ.
ಹೆಣ್ಣಿಗೆ ಹೆಣ್ಣು. ಹೊಸ ಕಾನೂನು, ಶಾಯಿ ಇನ್ನೂ ಹಸಿ.
ನನಗೇನು, ಸಹಿ ಹಾಕಿದೆ.
ಸುಳ್ಳು ಯಾಕೆ, ರಾತ್ರಿ ಸ್ವಲ್ಪ ಯೋಚನೆಯಾಯಿತು.

ಎರಡನೆಯ ಸಲ ಬಂದದ್ದು ಬಿಡುಗಡೆಗೆ.
ವಿಚ್ಛೇದನಕ್ಕೆ ಬಂದವರು
ಒಂದೇ ಪೊಟ್ಟಣದಿಂದ ಸೀಬೆಹಣ್ಣು ತಿನ್ನುತ್ತಿದ್ದರು,
ಒಬ್ಬಳು ಕಚ್ಚಿದ್ದನ್ನು ಇನ್ನೊಬ್ಬಳು ಪ್ಲಮ್ ಪುಡಿಗೆ ಅದ್ದಿ.
ಜಗಳವೇ? ಅಂದೆ.
ಇಲ್ಲ ಅಜ್ಜಾ, ಮಗು.

ನಿಧಾನವಾಗಿ ಬಿಡಿಸಿ ಹೇಳಿದರು, ದಡ್ಡನಿಗೆ ಹೇಳಿದಂತೆ.
ಒಬ್ಬಳು ಹೆತ್ತಿದ್ದರೆ ಇನ್ನೊಬ್ಬಳು ದತ್ತು ಪಡೆಯಬಹುದು.
ಇಬ್ಬರೂ ಹೆರದ ಮಗುವಾದರೆ
ಇಬ್ಬರಿಗೂ ಇಲ್ಲ.
ಒಂಟಿ ಹೆಂಗಸೇ? ಸರಿ, ಅರ್ಜಿ ಹಾಕು.
ಮದುವೆ ಬಿಡದೆ ಮಗುವಿಲ್ಲ,
ಮಗುವಿನ ಆಸೆ ಬಿಡದೆ ಮದುವೆಯಿಲ್ಲ.
ನಾನು ಐವತ್ತು ವರ್ಷದಿಂದ ಹೆಸರುಗಳನ್ನು
ತಿರುಗುಮುರುಗಾಗಿಯೇ ಕೆತ್ತಿದವನು.
ಕಲ್ಲಿನಲ್ಲಿ ಉಲ್ಟಾ ಇದ್ದರೇ ಕಾಗದದಲ್ಲಿ ನೆಟ್ಟಗೆ.
ಅಷ್ಟು ಮಾತ್ರ ಅರ್ಥವಾಯಿತು. ಸಹಿ ಹಾಕಿದೆ.
ಅ-ಮೇ ಅತ್ತಳು, ಅವಳ ಹೆಬ್ಬೆರಳು ಅಂದು ಎರಡು ಪಟ್ಟು ಒದ್ದೆ.

ಆಮೇಲೆ ರೂಯ್-ಲಿನ್ ತನ್ನ ಮನೆಯಲ್ಲೇ ಬಾಡಿಗೆಯವಳು.
ಕರಾರುಪತ್ರ ಬರೆದದ್ದು ಇದೇ ಮೇಜಿನ ಮೇಲೆ:
ಹಿಂದಿನ ಕೋಣೆ, ತಿಂಗಳಿಗೆ ಮೂರು ಸಾವಿರ,
ಅಡುಗೆಮನೆ ಹಂಚಿಕೆ, ಸಾಕುಪ್ರಾಣಿ ನಿಷಿದ್ಧ.
ತನಿಖೆಯವರು ಬರುವ ದಿನ
ಎರಡನೆಯ ದಿಂಬು ಆ ಕೋಣೆಗೆ ಹೋಗುತ್ತಿತ್ತು,
ಎರಡನೆಯ ಹಲ್ಲುಜ್ಜುವ ಬ್ರಷ್ಷೂ.
ತಮಾಷೆಯೆಂದರೆ ಬಾಡಿಗೆ ನಿಜಕ್ಕೂ ಕೊಡುತ್ತಿದ್ದಳು, ರಸೀದಿ ಸಮೇತ.
ಆ ದುಡ್ಡೆಲ್ಲ ಡಬ್ಬಿಯಲ್ಲಿ.

ಪಿಂಗ್‌ತುಂಗ್‌ನಿಂದ ಹುಡುಗ ಬಂದ. ಎರಡು ವರ್ಷ,
ಎಡ ಹುಬ್ಬಿನಲ್ಲೊಂದು ಹಳೆಯ ಗಾಯ, ಯಾರು ಮಾಡಿದ್ದೋ.
ಡಬ್ಬಿಯ ದುಡ್ಡು ಚಪ್ಪಲಿಯಾಯಿತು, ಸೊಳ್ಳೆಪರದೆಯಾಯಿತು.
ಒಂದು ರಾತ್ರಿ ಜ್ವರ ಏರಿ ಕಣ್ಣು ಮೇಲಾದಾಗ
ಪೇಯ್-ಷಾನ್ ಊರಲ್ಲಿಲ್ಲ.
ಎತ್ತಿಕೊಂಡು ಓಡಿದವಳನ್ನು ಆಸ್ಪತ್ರೆಯ ಹುಡುಗಿ ಕೇಳಿದಳಂತೆ:
ಮಗುವಿಗೆ ನೀವು ಏನಾಗಬೇಕು?
ಅಂಗಿಯ ತುಂಬ ಅವನ ವಾಂತಿ.
ಬಾಡಿಗೆಯವಳು, ಅಂದಳಂತೆ.

ಇದನ್ನು ನನಗೆ ಹೇಳುವಾಗ ನಕ್ಕಳು.
ನಾನು ಕೆತ್ತುತ್ತಿದ್ದ ಅಕ್ಷರದ ಬಾಲ ಮುರಿಯಿತು,
ಯಾರೋ ಗುಮಾಸ್ತೆಯ ಹೆಸರು, ಪಾಪ. ಮತ್ತೊಂದು ಕಲ್ಲು ತೆಗೆದೆ.

ಕಾನೂನು ಬದಲಾದ ಸುದ್ದಿ ಅ-ಮೇಯ ಟೀವಿಯಲ್ಲಿ ಬಂತು.
ಹಾಲು ಉಕ್ಕಿ ಒಲೆ ಆರಿತು, ಅವಳಿಗೆ ಪರಿವೆಯೇ ಇಲ್ಲ.

ಮೂರನೆಯ ಸಲ ಮೂವರು ಬಂದರು.
ಮದುವೆ ಮೊದಲು, ದತ್ತಕದ ಕೋರ್ಟು ಆಮೇಲೆ,
ಅದಕ್ಕಿನ್ನೂ ತಿಂಗಳುಗಳ ಹಾದಿ.
ಸಹಿ ಹಾಕುವಷ್ಟರಲ್ಲಿ ಹುಡುಗ ನನ್ನ ಕೆಂಪು ಶಾಯಿಯಲ್ಲಿ ಕೈಯಿಟ್ಟು
ಯಾವುದೋ ಸತ್ತವನ ಮುದ್ರೆಯನ್ನು ಅಂಗೈಗೆ ಒತ್ತಿಕೊಂಡಿದ್ದ.
ತೊಳೆದರೂ ಎರಡು ದಿನ ಹೋಗುವುದಿಲ್ಲ, ಅಂದೆ.

ಇನ್ನು ಈ ಕರಾರುಪತ್ರ ಹರಿಯಲೇ?
ಡ್ರಾಯರಿನಿಂದ ತೆಗೆದು ಕೇಳಿದೆ.
ಬೇಡ, ಅಂದಳು ಪೇಯ್-ಷಾನ್, ಗ್ರೀಸಿನ ಕೈ ಚಾಚಿ,
ಇವಳದು ಎರಡು ತಿಂಗಳ ಬಾಕಿ ಇದೆ.