ಹಸಿರು ದೀಪ ಸುಮ್ಮನಿರಲಿಲ್ಲ

ಕಾರಕೋಲಿನ ಈ ಕೋಣೆಯಲ್ಲಿ ಬೇಯುವುದೇನೂ
ಇಲ್ಲಿ ಉಣ್ಣುವುದಕ್ಕಲ್ಲ.

ಮೇಜಿನಡಿಯ ದೊಡ್ಡ ಕಂಪ್ಯೂಟರು
ಸಂಜೆಯಿಂದ ಏದುಸಿರು ಬಿಡುತ್ತ
ಸಾವಿರಾರು ಸಣ್ಣ ಕಡತ ಬೇಯಿಸುತ್ತಿದೆ,
ತಾನೊಂದು ತುತ್ತೂ ಬಾಯಿಗಿಡಲಾಗದ ಅಡುಗೆ.
ಒಮ್ಮೆ, ಬರಿಯ ತುಂಟತನಕ್ಕೆ, ಇಲ್ಲೇ ನಡೆಸಿ ನೋಡಿದೆ.
ಇದು ಯಾವ ನುಡಿಯೋ ತಿಳಿಯದು, ಎಂದಿತು
ಈಗಷ್ಟೇ ತಾನೇ ಬರೆದದ್ದನ್ನು.

ಉಣ್ಣಬೇಕಾದದ್ದು ಮೇಲೆ,
ಹಿಮನದಿಯ ಬುಡದ ಕೆರೆದಂಡೆಯಲ್ಲಿ,
ತಗಡಿನ ಪೆಟ್ಟಿಗೆಯೊಳಗೆ:
ಅಂಗೈಯಗಲದ ಬೋರ್ಡು,
ಅರವತ್ತನಾಲ್ಕು ಮೆಗಾಬೈಟಿನ ಹೊಟ್ಟೆ.
ಅಲ್ಲೇ ಒಲೆ ಹೂಡಿದೆವೋ
ಎಸರು ಕುದಿಯುವ ಮೊದಲೇ ಉಸಿರು ಕಟ್ಟುತ್ತದೆ ಅದಕ್ಕೆ.
ಕೆರೆ ಉಕ್ಕಿದರೆ ಅದು ಕೂಗಬೇಕು.
ಬೇರೆ ಕೆಲಸವಿಲ್ಲ.

ಎರಡು ದಿನ ಪಟ್ಟಿ ಹಿಡಿದು ಕೂತೆ,
ಮೊರದಲ್ಲಿ ಕಲ್ಲು ಆರಿಸುವ ಹಾಗೆ.
ಸೌಂಡ್ ಕಾರ್ಡು, ಬೇಡ. ಜಾಯ್‌ಸ್ಟಿಕ್ಕು, ಬೇಡ.
ಯಾವುದೋ ಕಾಲದ ಟೇಪು ಡ್ರೈವು, ಯಾರಿಗೆ ಬೇಕು.
ಕರ್ನಲ್ಲಿಗೆ ರಷ್ಯನ್ನಿನಲ್ಲಿ ಯಾದ್ರೊ ಅಂತಾರೆ, ತಿರುಳು;
ಸಿಪ್ಪೆ ಸುಲಿಯುತ್ತ ಹೋದರೆ
ತಿರುಳು ಎಲ್ಲಿ ಶುರು ಅನ್ನುವುದೇ ಗೊತ್ತಾಗುವುದಿಲ್ಲ.

ಕಾವಲಿನ ಕುಬಾನಿಚ್ ಬಂದು
ಉಗುರಗಲದ ಕಾರ್ಡನ್ನು ಟೋಪಿಯ ಮಡಿಕೆಗೆ ಸಿಕ್ಕಿಸಿ
ಕುದುರೆ ಹತ್ತಿ ಹೋದ.

ರಾತ್ರಿ ಎಂಟಕ್ಕೆ ಫೋನು:
'ಶುರುವಾಗುತ್ತಿದೆ ಅಂತ ಒಂದು ಸಾಲು ಬಂತು ಬುರುಲ್.
ಆಮೇಲೆ ತೆರೆ ಕರ್ರಗೆ.'
ಹತ್ತಕ್ಕೆ: ಕರ್ರಗೆ.
ಒಂದಕ್ಕೆ: ಚಾ ಮಾಡಿಕೊಂಡೆ, ಕರ್ರಗೇ ಇದೆ.

ನಾನು ಎಲ್ಲರನ್ನೂ ಅನುಮಾನಿಸಿದೆ.
ಕಂಪೈಲರನ್ನು, ಅದರ ಅಪ್ಪನನ್ನು,
ವಿಳಾಸದ ಕೊನೆಯ ಸೊನ್ನೆಗಳನ್ನು,
ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಕಾರ್ಡನ್ನು,
ಮಂಗಳವಾರ ನಿದ್ದೆಗಣ್ಣಲ್ಲಿ ಕೂತಿದ್ದ ನನ್ನನ್ನು.
ಎಲ್ಲ ಅಳಿಸಿ ಮತ್ತೆ ಬೇಯಲಿಟ್ಟೆ.
ಫ್ಯಾನು ಕಿರುಗುಟ್ಟಿತು. ಕೆಳಮನೆಯವರು ಸಲಾಕೆಯಿಂದ
ಕೊಳವೆ ಬಡಿದರು.

ನಾಲ್ಕೂವರೆಗೆ ಅವನೇ ಮಾಡಿದ.
'ತೆರೆ ಹಾಗೇ. ನಿದ್ದೆ ಬರಲಿಲ್ಲ ಮಾರಾಯ್ತಿ,
ಆ ಹಸಿರು ದೀಪದ ಕಾಟ.
ಡುಕ್ ಡುಕ್ ಅನ್ನುತ್ತೆ, ತಡೆಯುತ್ತೆ.
ಡುಕ್ ಡುಕ್. ಕುದುರೆಯ ಎದೆಗೆ
ಕಿವಿಯಿಟ್ಟ ಹಾಗೆ.'

ಎದ್ದು ನಿಂತುಬಿಟ್ಟೆ.
ಆ ದೀಪ ನಾನೇ ಸೇರಿಸಿದ್ದು, ಪಟ್ಟಿಯ ತಳದಲ್ಲಿ,
ಯಾಕೋ ಚಂದ ಕಂಡಿತೆಂದು.
ತಿರುಳಿಗೆ ಜೀವವಿದ್ದರೆ ಮಾತ್ರ ಮಿಡಿಯುವ ದೀಪ.

ಹಾಗಾದರೆ ರಾತ್ರಿಯಿಡೀ ಅದು ಎಚ್ಚರವಿತ್ತು.
ನೀರು ಅಳೆಯುತ್ತಿತ್ತು. ವರದಿ ಒಪ್ಪಿಸುತ್ತಿತ್ತು,
ಸಾಲು ಸಾಲಾಗಿ, ಒಂದೂ ಬಿಡದೆ,
ತಂತಿಯೇ ಇಲ್ಲದ ಸೊನ್ನೆಯ ಬಾಗಿಲಲ್ಲಿ ನಿಂತು.
ನಮ್ಮ ತಂತಿ ಇದ್ದದ್ದು ಎರಡರಲ್ಲಿ.

'ಕೈಗವಸು ತೆಗಿ,' ಅಂದೆ,
'ಕೀಲಿಮಣೆ ಹತ್ತಿರ ಎಳೆದುಕೋ.
ಸೊನ್ನೆ ಅಳಿಸಿ ಎರಡು ಒತ್ತು.'

ಒತ್ತಿದ. ತಡೆದ. ಆಮೇಲೆ
ಅಂಕಿಗಳನ್ನು ಒಂದೊಂದಾಗಿ ಓದತೊಡಗಿದ,
ಸಂತೆಯಲ್ಲಿ ಕುರಿ ಎಣಿಸುವವನ ದನಿಯಲ್ಲಿ.

ದೀಪದ ವಿಷಯ ಎಂಟಕ್ಕೇ ಯಾಕೆ ಹೇಳಲಿಲ್ಲ, ಕೇಳಿದೆ.

'ನೀನು ತೆರೆಯ ಬಗ್ಗೆ ಮಾತ್ರ ಕೇಳಿದೆ,' ಅಂದ.